ಒಂಬತ್ತು ನಗರ, ಹದಿನೆಂಟು ದಿನ, ನಾಲ್ವರು ಗೆಳೆಯರು: ಯುರೋಪಿನಲ್ಲಿ ಎಡವಟ್ಟು ಕಾದಿರುವುದು ಎಲ್ಲಿ?

ಪ್ರಶ್ನೆ: ಒಂದೇ ಕಾಲೇಜಿನಲ್ಲಿ ಓದಿದ ನಾವು ನಾಲ್ವರು ಗೆಳೆಯರು ಬರುವ ಜೂನ್‌ನಲ್ಲಿ 18 ದಿನಗಳ ಮಟ್ಟಿಗೆ ಯುರೋಪಿಗೆ ಹೋಗಬೇಕೆಂದಿದ್ದೇವೆ. ಬೆನ್ನಿಗೊಂದು ಬ್ಯಾಗು, ರೈಲಿಗೆ ಯೂರೇಲ್ ಪಾಸ್ (ಹಲವು ದೇಶಗಳ ರೈಲುಗಳಿಗೆ ಒಂದೇ ಟಿಕೆಟ್), ರಾತ್ರಿಗೆ ಹಾಸ್ಟೆಲ್, ಇಷ್ಟೇ ನಮ್ಮ ಯೋಜನೆ. ಪ್ಯಾರಿಸ್‌ನಲ್ಲಿ ಇಳಿದು ಲಂಡನ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ವೆನಿಸ್, ರೋಮ್, ಇಂಟರ್‌ಲಾಕನ್ ನೋಡಿಕೊಂಡು ಮತ್ತೆ ಪ್ಯಾರಿಸ್‌ನಿಂದಲೇ ವಾಪಸಾಗುತ್ತೇವೆ. ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ಹೀಗೆಯೇ ಹೋಗಿಬಂದ ಪರಿಚಿತರೊಬ್ಬರು ‘ಊರಿಗೆ ಬಂದ ಮೇಲೆ ನಾವು ಮೂರು ತಿಂಗಳು ಮಾತೇ ಆಡಲಿಲ್ಲ’ ಎಂದು ಹೆದರಿಸಿದ್ದಾರೆ. ಎಂಥ ಎಡವಟ್ಟುಗಳಿಗೆ ಸಿದ್ಧರಾಗಿರಬೇಕು, ಯಾವುದನ್ನು ತಪ್ಪದೆ ನೋಡಬೇಕು, ದಯವಿಟ್ಟು ವಿವರವಾಗಿ ತಿಳಿಸಿ.
– ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಪತ್ರವನ್ನು ಓದುತ್ತ ನಾನು ಮೊದಲು ಎಣಿಸಿದ್ದು ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ದಿನಗಳನ್ನು. ಕೊನೆಗೆ ಪ್ಯಾರಿಸ್‌ಗೆ ಮರಳುವುದೂ ಸೇರಿದರೆ ಅವು ಒಂಬತ್ತಾಗುತ್ತವೆ. ಹದಿನೆಂಟರಲ್ಲಿ ಒಂಬತ್ತು ದಿನ ಪ್ರಯಾಣವೆಂದರೆ ದಿನ ಬಿಟ್ಟು ದಿನ ಗಂಟುಮೂಟೆ ಕಟ್ಟಬೇಕಾಗುತ್ತದೆ. ಪ್ರಯಾಣದ ದಿನ ಎಂದರೆ ರೈಲಿನಲ್ಲಿ ಕುಳಿತ ನಾಲ್ಕೈದು ಗಂಟೆ ಮಾತ್ರ ಎಂದು ಮನೆಯಲ್ಲಿ ಲೆಕ್ಕ ಹಾಕುವಾಗ ಅನ್ನಿಸುತ್ತದೆ. ಆದರೆ ನಾಲ್ವರೂ ಸರದಿಯಲ್ಲಿ ಸ್ನಾನ ಮುಗಿಸಿ, ಒಬ್ಬನ ಚಾರ್ಜರ್ ಹುಡುಕಿ, ಬೆಳಿಗ್ಗೆ ಹತ್ತರೊಳಗೆ ಕೋಣೆ ಖಾಲಿ ಮಾಡಿ, ನಿಲ್ದಾಣ ಸೇರಿ, ಹೊಸ ಊರಿನಲ್ಲಿ ಇಳಿದು, ಟ್ರಾಮ್ ಟಿಕೆಟ್ ಎಲ್ಲಿ ಕೊಡುತ್ತಾರೆಂದು ವಿಚಾರಿಸಿ, ಮಧ್ಯಾಹ್ನ ಮೂರರವರೆಗೂ ಹಾಸಿಗೆ ಕೊಡದ ಹಾಸ್ಟೆಲಿನ ಮೂಲೆಯಲ್ಲಿ ಬ್ಯಾಗು ಇಟ್ಟು ಹೊರಬೀಳುವಷ್ಟರಲ್ಲಿ ಆ ದಿನದ ಸಾರವೆಲ್ಲ ಖರ್ಚಾಗಿರುತ್ತದೆ.

ನಾನು ಕಂಡಂತೆ, ಊರೊಂದರಲ್ಲಿ ನೆಲೆ ನಿಂತಾಗ ಎಡವಟ್ಟುಗಳಾಗುವುದು ಕಡಿಮೆ. ಅವು ಆಗುವುದೆಲ್ಲ ಊರು ಬದಲಾಯಿಸುವ ಗಳಿಗೆಯಲ್ಲಿ, ಅಂದರೆ ಪ್ಲಾಟ್‌ಫಾರ್ಮ್ ಮೇಲೆ, ಗಡಿಯಲ್ಲಿ, ಹಾಸ್ಟೆಲಿನ ಬಾಗಿಲಲ್ಲಿ. ರೈಲು ತಪ್ಪುವುದು, ಪಾಸ್‌ಪೋರ್ಟ್ ಕಳೆಯುವುದು, ಗೆಳೆಯರು ಮುನಿಸಿಕೊಳ್ಳುವುದು, ಎಲ್ಲವೂ ಹಸಿವು, ಭಾರ ಮತ್ತು ಅವಸರ ಮೂರೂ ಒಟ್ಟಿಗೆ ಕೂಡಿದ ಹೊತ್ತಿನಲ್ಲೇ. ಆದ್ದರಿಂದ ನನ್ನ ಉತ್ತರದ ಬಹುಪಾಲು ಈ ಬದಲಾವಣೆಯ ಗಳಿಗೆಗಳನ್ನು ಕುರಿತದ್ದು. ಅವುಗಳನ್ನು ಒಂಬತ್ತರಿಂದ ಆರಕ್ಕೆ ಇಳಿಸಬೇಕೆಂಬುದು ನನ್ನ ಮುಖ್ಯ ಸಲಹೆ.

ಮೊದಲು ಲಂಡನ್ ವಿಚಾರ, ಏಕೆಂದರೆ ಅಲ್ಲಿ ಎಡವುವವರು ಮನೆ ಬಿಡುವ ಮೊದಲೇ ಎಡವಿರುತ್ತಾರೆ. ನೀವು ಪಡೆಯುವ ಷೆಂಗೆನ್ ವೀಸಾ ಫ್ರಾನ್ಸ್, ಜರ್ಮನಿ, ಇಟಲಿ, ಸ್ವಿಟ್ಜರ್ಲೆಂಡ್ ಮುಂತಾದ 29 ದೇಶಗಳಿಗೆ ಸಲ್ಲುತ್ತದೆ. ಬ್ರಿಟನ್ ಅವುಗಳಲ್ಲಿ ಇಲ್ಲ, ಅದಕ್ಕೆ ಬೇರೆಯೇ ವೀಸಾ ಬೇಕು. ಅದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಪ್ಯಾರಿಸ್‌ನಿಂದ ಲಂಡನ್‌ಗೆ ಹೋದ ಕೂಡಲೇ ನೀವು ಷೆಂಗೆನ್ ವಲಯದಿಂದ ಹೊರಬಿದ್ದಂತೆ. ಆಮ್‌ಸ್ಟರ್‌ಡ್ಯಾಮ್‌ಗೆ ಬರುವುದು ಎರಡನೆಯ ಪ್ರವೇಶ. ನಿಮ್ಮ ವೀಸಾ ಚೀಟಿಯಲ್ಲಿ ಪ್ರವೇಶಗಳ ಸಂಖ್ಯೆಯ ಜಾಗದಲ್ಲಿ ಒಂದು ಎಂದಿದ್ದರೆ ಲಂಡನ್‌ನಲ್ಲಿಯೇ ಪ್ರವಾಸ ಮುಗಿಯಿತು. ವೀಸಾ ಕೈಗೆ ಬಂದ ದಿನವೇ ಆ ಚೀಟಿಯಲ್ಲಿ ಮೂರು ಸಂಗತಿಗಳನ್ನು ಬೆರಳಿಟ್ಟು ಓದಿ: ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಬಾರಿ ಪ್ರವೇಶ, ಒಳಗೆ ಒಟ್ಟು ಎಷ್ಟು ದಿನ ಉಳಿಯಬಹುದು. ನಾಲ್ವರ ಚೀಟಿಯಲ್ಲೂ ಒಂದೇ ಅಂಕಿ ಇರುತ್ತದೆಂದು ಭಾವಿಸಬೇಡಿ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡಬೇಕೆಂಬ ಆಸೆ ನಿಮಗೂ ಇರಬಹುದು. ಅದು ಸಹಜವಾದ ಆಸೆ. ಆದರೂ ಎರಡು ದಿನಕ್ಕಾಗಿ ಎರಡನೆಯ ವೀಸಾ ಮಾಡಿಸುವುದಕ್ಕಿಂತ ಬ್ರಿಟನ್ನಿಗೆಂದೇ ಇನ್ನೊಮ್ಮೆ ಹೋಗುವುದು ಮೇಲು.

ಷೆಂಗೆನ್ ವೀಸಾವನ್ನು ಯಾವ ದೇಶದ ಹೆಸರಿನಲ್ಲಿ ಕೇಳಬೇಕೆಂಬುದರಲ್ಲೂ ಗೊಂದಲವಾಗುವುದುಂಟು. ಅತಿ ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಇನ್ನು, 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಮುದ್ರೆ ಒತ್ತುವ ಬದಲು ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಿದೆ. ಈ ತಪಾಸಣೆ ನಡೆಯುವುದು ನೀವು ಷೆಂಗೆನ್ ವಲಯದಲ್ಲಿ ಇಳಿಯುವ ಮೊದಲ ವಿಮಾನ ನಿಲ್ದಾಣದಲ್ಲಿ. ಆದ್ದರಿಂದ ಫ್ರಾಂಕ್‌ಫರ್ಟ್‌ನಲ್ಲಿ ಒಂದೇ ಗಂಟೆಯ ಅಂತರದಲ್ಲಿ ಇನ್ನೊಂದು ವಿಮಾನ ಹಿಡಿಯುವ ಅಗ್ಗದ ಟಿಕೆಟ್ ಕಂಡರೆ ಕೈ ಹಾಕಬೇಡಿ.

ಈಗ ರೈಲಿನ ಮಾತು. ಇಲ್ಲಿ ನನ್ನದೇ ಒಂದು ಫಜೀತಿಯನ್ನು ಹೇಳಿಕೊಳ್ಳುವುದು ನ್ಯಾಯ, ಏಕೆಂದರೆ ಗೆಳೆಯರೊಂದಿಗೆ ಹೋಗುವವರಿಗೆ ನಾನು ಕೊಡುವ ಸಲಹೆಯ ಅರ್ಧ ಭಾಗ ಅದರಿಂದಲೇ ಹುಟ್ಟಿದ್ದು. 2015ರ ಜೂನ್‌ನಲ್ಲಿ ನಾವು ನಾಲ್ವರು ಬರ್ಲಿನ್‌ನಿಂದ ಕಲೋನ್‌ಗೆ ಹೊರಟಿದ್ದೆವು. ಆಗ ಯೂರೇಲ್‌ನಲ್ಲಿ ಗುಂಪಿಗೆಲ್ಲ ಸೇರಿ ಒಂದೇ ಕಾಗದದ ಪಾಸ್ ಸಿಗುತ್ತಿತ್ತು. ಅದು ನನ್ನ ಚೀಲದಲ್ಲಿತ್ತು. ಬೆಳಿಗ್ಗೆ ಏಳುವುದು ತಡವಾಗಿ, ಓಡೋಡಿ ಪ್ಲಾಟ್‌ಫಾರ್ಮ್ ಸೇರಿದಾಗ ಬಾಗಿಲು ಮುಚ್ಚಲು ಒಂದು ನಿಮಿಷ ಇತ್ತು. ಹತ್ತಿರ ಕಂಡ ಬಾಗಿಲಿಗೆ ಇಬ್ಬರು, ಅದರಾಚೆಯ ಬಾಗಿಲಿಗೆ ಇಬ್ಬರು ಹತ್ತಿಕೊಂಡೆವು. ಒಳಗಿನಿಂದ ನಡೆದುಕೊಂಡು ಬಂದು ಸೇರಿದರಾಯಿತು ಎಂಬ ಧೈರ್ಯ. ಆದರೆ ಅದು ಎರಡು ರೈಲುಗಳನ್ನು ಮೂತಿಗೆ ಮೂತಿ ಜೋಡಿಸಿದ ಒಂದು ರೈಲು. ಜೋಡಣೆಯ ಜಾಗದಲ್ಲಿ ಎರಡೂ ಕಡೆ ಚಾಲಕರ ಕೋಣೆ, ನಡುವೆ ದಾರಿಯೇ ಇಲ್ಲ. ಇರಲಿ, ಇಳಿಯುವಾಗ ಸೇರೋಣ ಎಂದುಕೊಂಡು ನಾವಿಬ್ಬರು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತ ಕುಳಿತೆವು. ಧ್ವನಿವರ್ಧಕದಲ್ಲಿ ಜರ್ಮನ್‌ನಲ್ಲೂ ಇಂಗ್ಲಿಷ್‌ನಲ್ಲೂ ಏನೋ ಹೇಳಿದರು, ನಾವು ಕಿವಿಗೊಡಲಿಲ್ಲ. ಹಮ್ ಎಂಬ ನಿಲ್ದಾಣದಲ್ಲಿ ರೈಲು ಕೆಲವು ನಿಮಿಷ ನಿಂತು, ಒಂದು ಸಣ್ಣ ಕುಲುಕು ಕೊಟ್ಟು ಹೊರಟಿತು. ಅಲ್ಲಿ ಅದು ಎರಡಾಗಿತ್ತು. ನಮ್ಮ ಅರ್ಧ ಕಲೋನ್‌ನತ್ತ ಹೋಯಿತು. ಗೆಳೆಯರು ಕುಳಿತಿದ್ದ ಅರ್ಧ ಡ್ಯೂಸೆಲ್‌ಡಾರ್ಫ್‌ನತ್ತ.

ನಮ್ಮಲ್ಲೂ ಒಂದು ಕಾಲಕ್ಕೆ ಬೆಂಗಳೂರಿನಿಂದ ಹೊರಟ ರಾತ್ರಿ ರೈಲು ಮಂಗಳೂರಿನಲ್ಲಿ ಕಾರವಾರಕ್ಕೂ ಕಣ್ಣೂರಿಗೂ ಕವಲೊಡೆಯುತ್ತಿತ್ತು. ಕರಾವಳಿಯವರು ಬೋಗಿ ನೋಡಿಯೇ ಹತ್ತುತ್ತಿದ್ದರು. ಆ ಎಚ್ಚರ ನಮಗೆ ಜರ್ಮನಿಯಲ್ಲಿ ಬರಲಿಲ್ಲ. ಪಾಸ್ ನನ್ನಲ್ಲಿ, ಹಾಸ್ಟೆಲಿನ ವಿಳಾಸ ಅವರ ಡೈರಿಯಲ್ಲಿ, ಕೆಲಸ ಮಾಡುವ ಸಿಮ್ ಇದ್ದದ್ದು ನಾಲ್ವರಲ್ಲಿ ಒಬ್ಬನ ಫೋನಿನಲ್ಲಿ ಮಾತ್ರ. ಅವರ ಬೋಗಿಗೆ ಬಂದ ಟಿಕೆಟ್ ತಪಾಸಣೆಯವರು ಕಥೆಯೆಲ್ಲ ಕೇಳಿ, ಮುಂದಿನ ನಿಲ್ದಾಣದಲ್ಲಿ ಏನು ಮಾಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರಂತೆ. ಎರಡು ಊರುಗಳ ನಡುವೆ ಹೆಚ್ಚು ದೂರವೇನೂ ಇಲ್ಲ, ಸುಮಾರು 40 ಕಿಲೋಮೀಟರ್, ರೈಲುಗಳೂ ಬೇಕಾದಷ್ಟಿವೆ. ತೊಂದರೆಯಾದದ್ದು, ಅವರು ನಮ್ಮನ್ನು ಹುಡುಕಲು ಒಂದು ಪ್ಲಾಟ್‌ಫಾರ್ಮ್‌ಗೆ ಹೋದರೆ ನಾವು ಅವರನ್ನು ಹುಡುಕಲು ಇನ್ನೊಂದಕ್ಕೆ ಹೋಗುತ್ತಿದ್ದುದರಿಂದ. ಕೊನೆಗೆ ಎರಡೂವರೆ ಗಂಟೆಯ ಮೇಲೆ ಕಲೋನ್ ನಿಲ್ದಾಣದ ಪಕ್ಕದಲ್ಲೇ ಎದ್ದು ನಿಂತ, 1248ರಲ್ಲಿ ಕಟ್ಟಲಾರಂಭಿಸಿ 1880ರಲ್ಲಿ ಮುಗಿಸಿದ ಆ ಮಹಾ ಚರ್ಚಿನ ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ಸಿಕ್ಕೆವು. ಮೊದಲ ಐದು ನಿಮಿಷ ಸಂತೋಷ. ಆಮೇಲೆ ‘ಬೆಳಿಗ್ಗೆ ತಡವಾಗಿ ಎದ್ದವರು ಯಾರು’ ಎಂಬಲ್ಲಿಂದ ಶುರುವಾದ ಜಗಳ ರಾತ್ರಿಯ ಊಟದವರೆಗೂ ನಡೆಯಿತು.

ಇದರಿಂದ ನೀವು ತೆಗೆದುಕೊಳ್ಳಬೇಕಾದದ್ದು ಇಷ್ಟು. ಯಾವ ರೈಲನ್ನಾದರೂ ಹತ್ತುವ ಮುನ್ನ ಬೋಗಿಯ ಪಕ್ಕದ ಫಲಕದಲ್ಲಿ ಅದು ತಲುಪುವ ಊರಿನ ಹೆಸರನ್ನು ಓದಿ. ಜರ್ಮನಿಯ ಪ್ಲಾಟ್‌ಫಾರ್ಮ್‌ಗಳನ್ನು ಎ, ಬಿ, ಸಿ ಎಂದು ಭಾಗ ಮಾಡಿ ಯಾವ ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ತೋರಿಸಿರುತ್ತಾರೆ. ಈಗ ಪಾಸ್ ಪ್ರತಿಯೊಬ್ಬರ ಮೊಬೈಲಿನಲ್ಲೇ ಇರುತ್ತದೆಂಬುದು ಸಮಾಧಾನ, ಆದರೆ ಬ್ಯಾಟರಿ ಮುಗಿದ ಮೊಬೈಲ್ ಎಂದರೆ ಟಿಕೆಟ್ ಇಲ್ಲದ ಪ್ರಯಾಣಿಕ ಎಂದೇ ಅರ್ಥ. ನಾಲ್ವರಿಗೆ ಎರಡಾದರೂ ಪವರ್ ಬ್ಯಾಂಕ್ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬೇರ್ಪಟ್ಟರೆ ಯಾರೂ ಯಾರನ್ನೂ ಹುಡುಕಿಕೊಂಡು ಹೋಗಬಾರದು, ಎಲ್ಲರೂ ಆ ದಿನ ತಲುಪಬೇಕಾದ ಊರಿನ ಮುಖ್ಯ ನಿಲ್ದಾಣದ ಮುಂಬಾಗಿಲಿಗೆ ಬಂದು ಕಾಯಬೇಕು ಎಂಬ ಒಂದು ಕಟ್ಟಳೆಯನ್ನು ಬೆಂಗಳೂರಿನಲ್ಲೇ ಮಾಡಿಕೊಳ್ಳಿ.

ಊರಿನ ಹೆಸರುಗಳು ಇನ್ನೊಂದು ಬಲೆ. ನಿಮ್ಮ ಪಟ್ಟಿಯ ವಿಯೆನ್ನಾ ನಿಲ್ದಾಣದಲ್ಲಿ ವೀನ್ ಆಗಿರುತ್ತದೆ, ಪ್ರಾಗ್ ಪ್ರಾಹಾ ಆಗಿರುತ್ತದೆ, ವೆನಿಸ್ ವೆನೆತ್ಸಿಯಾ. ಇಟಲಿಯವರು ಜರ್ಮನಿಯ ಮ್ಯೂನಿಕ್ ನಗರವನ್ನು ಮೊನಾಕೊ ಎನ್ನುತ್ತಾರೆ. ಸಮುದ್ರ ತೀರದ ಶ್ರೀಮಂತ ಮೊನಾಕೊಗೆ ಹೊರಟವರು ಬವೇರಿಯಾದ ರೈಲಿನ ಮುಂದೆ ನಿಲ್ಲುವುದು ಬರೀ ತಮಾಷೆಯ ಕಥೆಯಲ್ಲ. ವೆನಿಸ್‌ಗೆ ಎರಡು ನಿಲ್ದಾಣಗಳು: ಮೆಸ್ತ್ರೆ ಇರುವುದು ದಡದ ಮೇಲಿನ ಊರಿನಲ್ಲಿ, ಸಾಂತಾ ಲುಚಿಯಾ ದ್ವೀಪದಲ್ಲಿ. ಮೆಸ್ತ್ರೆಯಲ್ಲಿ ಇಳಿದು ‘ಕಾಲುವೆ ಎಲ್ಲಿದೆ’ ಎಂದು ಕೇಳುವ ಪ್ರವಾಸಿಗರನ್ನು ಅಲ್ಲಿಯ ಜನ ದಿನವೂ ನೋಡುತ್ತಾರೆ. ಪ್ಯಾರಿಸ್‌ನಲ್ಲಂತೂ ದೂರದ ರೈಲುಗಳಿಗೆಂದು ಒಂದಲ್ಲ, ಏಳು ನಿಲ್ದಾಣಗಳಿವೆ.

ಪಾಸ್ ಇದ್ದರೆ ಯಾವ ರೈಲನ್ನಾದರೂ ಹತ್ತಬಹುದೆಂಬುದು ಅರ್ಧ ಸತ್ಯ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳ ಒಳಗೆ ಓಡುವ ಬಹುಪಾಲು ರೈಲುಗಳಿಗೆ ಅದು ನಿಜ. ಆದರೆ ಫ್ರಾನ್ಸಿನ ಅತಿವೇಗದ ಟಿಜಿವಿ, ಇಟಲಿಯ ವೇಗದ ರೈಲುಗಳು, ಲಂಡನ್‌ನ ಯೂರೋಸ್ಟಾರ್ ಮತ್ತು ಬಹುತೇಕ ರಾತ್ರಿ ರೈಲುಗಳಿಗೆ ಪಾಸ್‌ನ ಮೇಲೆ ಬೇರೆ ಹಣ ತೆತ್ತು ಸೀಟು ಕಾದಿರಿಸಲೇಬೇಕು; ಟಿಜಿವಿ ಮತ್ತು ಯೂರೋಸ್ಟಾರ್‌ಗಳಲ್ಲಿ ಪಾಸ್ ಉಳ್ಳವರಿಗೆ ಮೀಸಲಿಡುವ ಸೀಟುಗಳೂ ಕೆಲವೇ. ಜೂನ್‌ನಲ್ಲಿ ನಾಲ್ಕು ಸೀಟು ಒಟ್ಟಿಗೆ ಬೇಕೆಂದರೆ ಹಿಂದಿನ ದಿನ ಕೇಳಿ ಪ್ರಯೋಜನವಿಲ್ಲ. ಪಾಸ್‌ನಲ್ಲಿ ಒಂದು ದಿನವೆಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ರಾತ್ರಿ ರೈಲಾದರೆ ಹತ್ತಿದ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ. 27 ವರ್ಷದವರೆಗೆ ಯುವಜನರ ರಿಯಾಯಿತಿ ಉಂಟು. ಇಷ್ಟೆಲ್ಲ ಆದ ಮೇಲೂ, ಬರ್ಲಿನ್‌ನಿಂದ ಪ್ರಾಗ್, ಪ್ರಾಗ್‌ನಿಂದ ವಿಯೆನ್ನಾದಂಥ ದಾರಿಗಳಿಗೆ ತಿಂಗಳುಗಟ್ಟಲೆ ಮೊದಲೇ ಬಿಡಿ ಟಿಕೆಟ್ ಕೊಂಡರೆ ಪಾಸ್‌ಗಿಂತ ಅಗ್ಗವಾಗುವುದುಂಟು. ಕಾಗದ ಪೆನ್ನು ಹಿಡಿದು ಕೂಡಿಸಿ ನೋಡದೆ ಪಾಸ್ ಕೊಳ್ಳಬೇಡಿ.

ನಗರದೊಳಗಿನ ಟಿಕೆಟ್‌ಗಳ ವಿಷಯದಲ್ಲಿ ಒಂದೇ ಮಾತು: ಕೊಂಡರೆ ಸಾಲದು, ಮುದ್ರೆ ಒತ್ತಿಸಬೇಕು. ಪ್ರಾಗ್‌ನ ಟ್ರಾಮಿನಲ್ಲಿ ಹಳದಿ ಪೆಟ್ಟಿಗೆಗೆ ಟಿಕೆಟ್ ತೂರಿಸಿ ಸಮಯದ ಗುರುತು ಹಾಕಿಸಿಕೊಳ್ಳದಿದ್ದರೆ, ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್‌ಗೆ ಪ್ಲಾಟ್‌ಫಾರ್ಮ್ ಮೇಲಿನ ಯಂತ್ರದಲ್ಲಿ ಮುದ್ರೆ ಬೀಳದಿದ್ದರೆ, ಹಣ ಕೊಟ್ಟ ಟಿಕೆಟ್ ಕೈಯಲ್ಲಿದ್ದರೂ ದಂಡ ತಪ್ಪುವುದಿಲ್ಲ. ‘ಗೊತ್ತಿರಲಿಲ್ಲ’ ಎಂಬ ಉತ್ತರವನ್ನು ತಪಾಸಣೆಯವರು ದಿನಕ್ಕೆ ನೂರು ಬಾರಿ ಕೇಳಿರುತ್ತಾರೆ.

ಹಾಸ್ಟೆಲ್ ಎಂದರೆ ನಮ್ಮ ವಿದ್ಯಾರ್ಥಿನಿಲಯದ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಿ. ಜರ್ಮನಿಯ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮಾಸ್ತರು 1912ರಲ್ಲಿ ಆರಂಭಿಸಿದ ಈ ಪದ್ಧತಿ ನಡೆದು ಸುತ್ತಾಡುವ ಹುಡುಗರಿಗೆ ಒಂದು ರಾತ್ರಿಯ ಆಸರೆಯಾಗಿ ಹುಟ್ಟಿದ್ದು. ಇಂದಿಗೂ ಅದರ ಮೂಲಗುಣ ಉಳಿದಿದೆ. ಮೇಲೊಂದು ಕೆಳಗೊಂದು ಮಂಚ, ಹಾಸಿಗೆಯ ಕೆಳಗೆ ಬೀಗವಿಲ್ಲದ ಪೆಟ್ಟಿಗೆ (ಬೀಗ ನೀವೇ ಒಯ್ಯಬೇಕು), ಕೆಲವು ಕಡೆ ಟವೆಲಿಗೂ ಬಾಡಿಗೆ. ಸಣ್ಣ ಊರುಗಳ ಹಾಸ್ಟೆಲ್‌ಗಳಲ್ಲಿ ರಾತ್ರಿ ಒಂಬತ್ತು-ಹತ್ತಕ್ಕೆಲ್ಲ ಕೌಂಟರ್ ಮುಚ್ಚುತ್ತಾರೆ, ಬಾಗಿಲಿನ ಸಂಕೇತಸಂಖ್ಯೆಯನ್ನು ಇಮೇಲ್‌ನಲ್ಲಿ ಕಳುಹಿಸಿರುತ್ತಾರೆ. ಆ ಇಮೇಲನ್ನು ಓದದೆ ಆಲ್ಪ್ಸ್ ತಪ್ಪಲಿನ ಒಂದು ಊರಿನಲ್ಲಿ ಬೆಂಚಿನ ಮೇಲೆ ಅರ್ಧ ರಾತ್ರಿ ಕಳೆದವರಲ್ಲಿ ನಾನೂ ಒಬ್ಬ. ಜೂನ್ ತಿಂಗಳೇ ಆದರೂ ಚಳಿ ಎಂದರೆ ಚಳಿ.

ನಿಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು ಎಂದಿದ್ದೀರಿ. ಅವರು ಉಪವಾಸ ಬೀಳುವುದಿಲ್ಲ, ಆದರೆ ಮೊಟ್ಟೆಯನ್ನೂ ಮುಟ್ಟದವರೇ, ಎಷ್ಟು ಕಟ್ಟುನಿಟ್ಟಿನವರು ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಿ. ತರಕಾರಿ ಸೂಪ್ ಎಂದು ಬರೆದಿದ್ದರೂ ಮೂಳೆ ಬೇಯಿಸಿದ ನೀರಿನಲ್ಲಿ ಮಾಡಿರುವುದುಂಟು. ಸ್ವಿಟ್ಜರ್ಲೆಂಡ್‌ನ ಆಲೂಗಡ್ಡೆಯ ರೋಸ್ಟಿಗೆ ಹಂದಿಮಾಂಸದ ಚೂರು ಬೆರೆಸಿರಬಹುದು. ಇಟಲಿಯ ಪಾರ್ಮೆಸಾನ್ ಚೀಸ್‌ಗೆ ಕರುವಿನ ಜಠರದ ರೆನೆಟ್ ಹೆಪ್ಪು ಹಾಕುತ್ತಾರೆ. ಚೀಸ್ ಬೇಡವಾದವರು ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಮಾತ್ರ ಇರುವ ಮರಿನಾರಾ ಪಿಜ್ಜಾ ಕೇಳಬಹುದು. ಜರ್ಮನಿಯ ಯಾವ ಊರಿನಲ್ಲೂ ಟರ್ಕಿಯವರ ಅಂಗಡಿಯೊಂದು ಇರುತ್ತದೆ. ಕಡಲೆಯಿಂದ ಮಾಡುವ ಫಲಾಫೆಲ್ ನಮ್ಮ ಅಂಬೊಡೆಗೆ ದೂರದ ನೆಂಟ, ಹೊಟ್ಟೆ ತುಂಬುತ್ತದೆ. ಊರಿನಿಂದ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ಪೇಡ, ತುಪ್ಪ ಒಯ್ಯಬೇಡಿ, ಏಕೆಂದರೆ ಹೊರದೇಶದಿಂದ ಬರುವವರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳ ಒಳಗಿನವು ಮಾತ್ರ ತೆರೆದಿರುತ್ತವೆ. ಶನಿವಾರ ಸಂಜೆಯೇ ಬ್ರೆಡ್, ಮೊಸರು, ಹಣ್ಣು ಕೊಂಡಿಡಿ.

ಹಾಸ್ಟೆಲಿನ ಅಡುಗೆಮನೆ ದೊಡ್ಡ ಅನುಕೂಲ. ಜರ್ಮನಿಯ ಅಂಗಡಿಗಳಲ್ಲಿ ‘ಗ್ರೀಸ್’ ಎಂಬ ಹೆಸರಿನಲ್ಲಿ ಸಿಗುವ ಗೋಧಿ ರವೆಯಲ್ಲಿ ಉಪ್ಪಿಟ್ಟು ಚೆನ್ನಾಗಿಯೇ ಆಗುತ್ತದೆ. ಆದರೆ ಒಗ್ಗರಣೆಯ ವಿಷಯದಲ್ಲಿ ಎಚ್ಚರ. ಒಮ್ಮೆ ನಮ್ಮ ಗುಂಪಿನ ಗೆಳೆಯರೊಬ್ಬರು ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಹಾಕಿ ‘ಘಂ’ ಎನ್ನುವಷ್ಟರಲ್ಲಿ ಛಾವಣಿಯ ಹೊಗೆ ಗಂಟೆ ಬಡಿದುಕೊಳ್ಳತೊಡಗಿತು; ನಾಲ್ಕು ಅಂತಸ್ತಿನ ಜನ ಮಲಗುವ ಬಟ್ಟೆಯಲ್ಲಿ, ಕೆಮ್ಮುತ್ತ, ಬೀದಿಗೆ ಬಂದು ನಿಂತರು. ಅಪಾಯವಿಲ್ಲವೆಂದು ಖಚಿತವಾದ ಮೇಲೆ ಅವರಲ್ಲಿ ಐದಾರು ಮಂದಿ ಆ ಉಪ್ಪಿಟ್ಟನ್ನೇ ಕೇಳಿ ಹಾಕಿಸಿಕೊಂಡು ತಿಂದರು. ಆ ಪ್ರವಾಸದ ಎಡವಟ್ಟುಗಳ ಪಟ್ಟಿಗೆ ಇದನ್ನು ಸೇರಿಸಬೇಕೋ ಸವಿನೆನಪುಗಳ ಪಟ್ಟಿಗೋ, ನಾವು ಇನ್ನೂ ತೀರ್ಮಾನಿಸಿಲ್ಲ.

ಕಳ್ಳತನದ ಬಗ್ಗೆ ಅತಿಯಾದ ಭಯ ಬೇಡ. ಅದು ಬಲಾತ್ಕಾರದ್ದಲ್ಲ, ಕೈಚಳಕದ್ದು. ಪ್ಯಾರಿಸ್, ರೋಮ್, ಬಾರ್ಸಿಲೋನಾಗಳ ಮೆಟ್ರೋ ಬಾಗಿಲಲ್ಲಿ ನೂಕುನುಗ್ಗಲಾದಾಗ, ಪ್ಯಾರಿಸ್‌ನ ಮೊಂಮಾರ್ತ್ರ್ ಗುಡ್ಡದ ಮೆಟ್ಟಿಲ ಬಳಿ ಯಾರಾದರೂ ಕೈಗೆ ದಾರ ಕಟ್ಟಲು ಬಂದಾಗ, ಸಹಿ ಕೇಳುವ ನೆಪದಲ್ಲಿ ಹಲಗೆ ಮುಂದೊಡ್ಡಿದಾಗ ಕೈ ಜೇಬಿನ ಮೇಲಿರಲಿ. ಪಾಸ್‌ಪೋರ್ಟ್ ಹೋದರೆ ಪೊಲೀಸ್ ದೂರಿನ ಪ್ರತಿ ಪಡೆದು ಭಾರತದ ರಾಯಭಾರ ಕಚೇರಿಗೆ ಹೋಗಬೇಕು. ಅಲ್ಲಿ ತುರ್ತಾಗಿ ಸಿಗುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಮರಳಲು ಮಾತ್ರ ಸಲ್ಲುತ್ತದೆ. ವೀಸಾ ಹಳೆಯ ಪಾಸ್‌ಪೋರ್ಟಿನೊಂದಿಗೇ ಹೋಗಿರುವುದರಿಂದ ಆ ಗೆಳೆಯನ ಪ್ರವಾಸ ಅಲ್ಲಿಗೆ ಮುಗಿದಂತೆ. ಒಕ್ಕೂಟದ ಎಲ್ಲ ದೇಶಗಳಲ್ಲೂ ತುರ್ತು ಸಂಖ್ಯೆ 112. ಸ್ವಿಟ್ಜರ್ಲೆಂಡ್ ಷೆಂಗೆನ್‌ನಲ್ಲಿದ್ದರೂ ಒಕ್ಕೂಟದಲ್ಲಿಲ್ಲ; ಅಲ್ಲಿಯ ಹಣ ಫ್ರಾಂಕ್, ಮತ್ತು 2017ರಿಂದ ಒಕ್ಕೂಟದ ದೇಶಗಳೊಳಗೆ ಹೆಚ್ಚುವರಿ ಶುಲ್ಕವಿಲ್ಲದೆ ನಡೆಯುವ ಸಿಮ್ ಅಲ್ಲಿ ಕಾಲಿಟ್ಟೊಡನೆ ಹಣ ನುಂಗಬಹುದು. ಎಟಿಎಂ ಅಥವಾ ಕಾರ್ಡ್ ಯಂತ್ರ ‘ರೂಪಾಯಿಯಲ್ಲಿ ಕೊಡುವಿರಾ’ ಎಂದು ಕೇಳಿದರೆ ಬೇಡವೆನ್ನಿ, ಸ್ಥಳೀಯ ಹಣದಲ್ಲೇ ಕೊಡಿ. ರೂಪಾಯಿಯ ಆಯ್ಕೆಯಲ್ಲಿ ವಿನಿಮಯ ದರ ಸಾಮಾನ್ಯವಾಗಿ ನಿಮಗೆ ನಷ್ಟದ್ದೇ.

ನಿಮ್ಮ ಪರಿಚಿತರ ‘ಮೂರು ತಿಂಗಳ ಮೌನ’ಕ್ಕೆ ಬರೋಣ. ಗೆಳೆಯರು ದೊಡ್ಡ ವಿಷಯಗಳಿಗೆ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಒಬ್ಬರಿಗೆ ಮ್ಯೂಸಿಯಂ ಬೇಕು, ಒಬ್ಬರಿಗೆ ಫೋಟೋ; ಒಬ್ಬರು ಕಾಫಿಗೆ ಐದು ಯೂರೊ ಕೊಡಲು ಹಿಂದೆಮುಂದೆ ನೋಡುವವರು, ಒಬ್ಬರು ನೋಡದವರು; ಹತ್ತನೆಯ ದಿನದ ಹೊತ್ತಿಗೆ ಈ ಸಣ್ಣ ಸಂಗತಿಗಳೇ ಬೆನ್ನಿನ ಚೀಲಕ್ಕಿಂತ ಭಾರವಾಗುತ್ತವೆ. ದಿನಕ್ಕೆ ಇಷ್ಟು ಎಂದು ಮೂರು ದಿನಗಳ ಮೊತ್ತವನ್ನು ನಾಲ್ವರೂ ಒಂದೇ ಪರ್ಸಿಗೆ ಹಾಕಿ ಟ್ರಾಮ್, ನೀರು, ತಿಂಡಿಯಂಥ ಹಂಚಿಕೆಯ ಖರ್ಚುಗಳನ್ನು ಅದರಿಂದಲೇ ಮಾಡಿ. ಉಳಿದ ಲೆಕ್ಕವನ್ನು ಪ್ರತಿ ಮೂರನೆಯ ರಾತ್ರಿ ಚುಕ್ತಾ ಮಾಡಿಬಿಡಿ. ಊರಿಗೆ ಬಂದ ಮೇಲೆ ನೋಡೋಣ ಎಂದ ಲೆಕ್ಕವೇ ಮೂರು ತಿಂಗಳ ಮೌನಕ್ಕೆ ಬೀಜ. ಇನ್ನು, ಪ್ರತಿ ಊರಿನಲ್ಲೂ ಒಂದು ಮಧ್ಯಾಹ್ನ ಬೇರೆಬೇರೆಯಾಗಿ ಅಡ್ಡಾಡಿ. ಸಂಜೆ ಊಟಕ್ಕೆ ಸೇರಿದಾಗ ಒಬ್ಬೊಬ್ಬರಿಗೂ ಹೇಳಲು ಏನಾದರೂ ಇರುತ್ತದೆ. ಚೀಲ 40 ಲೀಟರಿನದು ಸಾಕು, ತೂಕ ಒಂಬತ್ತು-ಹತ್ತು ಕಿಲೋ ಮೀರದಿರಲಿ. ಭಾರ ಹೊತ್ತವನ ಸಿಟ್ಟು ಉಳಿದ ಮೂವರ ಮೇಲೆಯೇ ಬೀಳುವುದು.

ತಪ್ಪದೆ ನೋಡಬೇಕಾದುದನ್ನು ಕೇಳಿದ್ದೀರಿ. ಪ್ರಸಿದ್ಧ ತಾಣಗಳ ಪಟ್ಟಿ ನಿಮ್ಮಲ್ಲಿ ಆಗಲೇ ಇರುತ್ತದೆ. ನಾನು ಮೂರನ್ನು ಮಾತ್ರ ಸೇರಿಸುತ್ತೇನೆ.

ಮೊದಲನೆಯದು ವಿಯೆನ್ನಾದಲ್ಲಿ 1869ರಲ್ಲಿ ತೆರೆದ ರಾಜ್ಯ ಒಪೆರಾ (ಸಂಗೀತನಾಟಕ) ಭವನ. ಒಳ್ಳೆಯ ಸೀಟು ನಮ್ಮಂಥವರ ಜೇಬಿಗೆ ನಿಲುಕದು, ಆದರೆ ನಿಂತು ನೋಡುವವರಿಗೆಂದು ಬಹಳ ಕಡಿಮೆ ಬೆಲೆಯ ಟಿಕೆಟ್‌ಗಳಿವೆ. ಒಳಗೆ ಹೋದವರು ತಮ್ಮ ಜಾಗದ ಗುರುತಿಗೆ ಮುಂದಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೊರಗೆ ಹೋಗಿ ಬರುತ್ತಾರೆ, ಅದನ್ನು ಯಾರೂ ಬಿಚ್ಚುವುದಿಲ್ಲ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿದು ಬೆಳೆದ ನಮಗೆ ಆ ಗಂಭೀರ ಭವನದೊಳಗೆ ಒಮ್ಮೆಲೇ ಊರಿಗೆ ಬಂದಂತಾಗುತ್ತದೆ.

ಎರಡನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು, ಬರ್ನಿನಾ ರೈಲು ಮಾರ್ಗ. ಇಟಲಿಯ ಟಿರಾನೊ ಎಂಬ ಪುಟ್ಟ ಊರು ಇರುವುದು ಸಮುದ್ರ ಮಟ್ಟದಿಂದ 429 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟ ಕೆಂಪು ರೈಲು 2,253 ಮೀಟರ್ ಎತ್ತರದ ಓಸ್ಪಿತ್ಸಿಯೊ ಬರ್ನಿನಾ ನಿಲ್ದಾಣವನ್ನು ಕಡಿದಾದ ಏರಿಗೆಂದು ಹಾಕುವ ಹಲ್ಲುಹಳಿಯ ಸಹಾಯವಿಲ್ಲದೆ, ಬರೀ ಚಕ್ರ-ಹಳಿಗಳ ಹಿಡಿತದಲ್ಲೇ ಏರುತ್ತದೆ. 1910ರಲ್ಲಿ ಪೂರ್ಣಗೊಂಡ ಈ ಮಾರ್ಗವನ್ನು ಅದರ ಮುಂದಿನ ಆಲ್ಬುಲಾ ಮಾರ್ಗದೊಂದಿಗೆ ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ರೂಸಿಯೊದಲ್ಲಿ ಎತ್ತರ ಏರಲು ಜಾಗ ಸಾಲದೆ ರೈಲು ಕಲ್ಲಿನ ಕಮಾನುಗಳ ಮೇಲೆ ಪೂರ್ತಿ ಒಂದು ಸುತ್ತು ಹಾಕುತ್ತದೆ. ಕಿಟಕಿಯಿಂದ ನೋಡಿದರೆ ನಿಮ್ಮದೇ ರೈಲಿನ ಬಾಲ ಕೆಳಗೆ ಕಾಣುತ್ತದೆ. ಪ್ರವಾಸಿಗರು ಹೆಚ್ಚು ಹಣ ಕೊಟ್ಟು ದೊಡ್ಡ ಗಾಜಿನ ಬೋಗಿಗಳ ಬರ್ನಿನಾ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಕಾದಿರಿಸುತ್ತಾರೆ. ನೀವು ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ಪ್ರಾದೇಶಿಕ ರೈಲನ್ನು ಹತ್ತಿ. ಕಾದಿರಿಸುವ ಗೊಡವೆಯಿಲ್ಲ, ಪಾಸ್ ನಡೆಯುತ್ತದೆ, ಹಲವು ಬೋಗಿಗಳ ಕಿಟಕಿ ತೆರೆಯುತ್ತದೆ, ಮತ್ತು ಬೇಕಾದ ನಿಲ್ದಾಣದಲ್ಲಿ ಇಳಿದು ಮುಂದಿನ ರೈಲು ಬರುವವರೆಗೆ ಹಿಮದ ಮುಂದೆ ಕೂರಬಹುದು. ಹೆಪ್ಪುಗಟ್ಟಿದ ಸರೋವರದ ಬಿಳುಪನ್ನು ಗಾಜಿನ ಹಿಂದಿನಿಂದ ನೋಡುವುದಕ್ಕೂ, ತೆರೆದ ಕಿಟಕಿಯಲ್ಲಿ ಮುಖಕ್ಕೆ ಆ ಗಾಳಿ ಬಡಿಯುವುದಕ್ಕೂ ಬಹಳ ಅಂತರ.

ಮೂರನೆಯದು ಲೌಟರ್‌ಬ್ರುನ್ನೆನ್ ಕಣಿವೆ. ಇಂಟರ್‌ಲಾಕನ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಆಗದು. ಸುಮಾರು 300 ಮೀಟರ್ ಎತ್ತರದಿಂದ ಬೀಳುವ ಶ್ಟೌಬಾಖ್ ಜಲಪಾತ ನಿಲ್ದಾಣದಿಂದ ನಡೆಯುವಷ್ಟು ಹತ್ತಿರ; ಜೋಗದ ಭೋರ್ಗರೆತ ಇದಕ್ಕಿಲ್ಲ, ನೆಲ ಮುಟ್ಟುವ ಮೊದಲೇ ಗಾಳಿಗೆ ಹುಡಿಯಾಗುತ್ತದೆ. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ನಿಲ್ದಾಣಕ್ಕೆ ಹೋಗುವ ರೈಲು 1912ರಿಂದ ಓಡುತ್ತಿದೆ, ಆದರೆ ಟಿಕೆಟ್ ಬಹಳ ದುಬಾರಿ; ಮೋಡ ಕವಿದ ದಿನ ಆ ಹಣ ಮೋಡಕ್ಕೇ ಹೋಗುತ್ತದೆ. ಬೆಳಿಗ್ಗೆ ಶಿಖರದ ಕ್ಯಾಮೆರಾ ಚಿತ್ರ ನೋಡಿ, ಆಕಾಶ ತಿಳಿಯಾಗಿದ್ದರೆ ಮಾತ್ರ ಹೊರಡಿ.

ಹಾದಿಯಲ್ಲಿ ಒಂದು ದಿನ ಮಿಗಿಸಬಲ್ಲ ಕನ್ನಡಿಗರಿಗೆ ಜರ್ಮನಿಯ ಟ್ಯೂಬಿಂಗನ್ ಊರನ್ನು ಹೆಸರಿಸುತ್ತೇನೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಅಲ್ಲಿ. ನೆಕ್ಕರ್ ನದಿಯ ದಡದ ಆ ವಿದ್ಯಾರ್ಥಿಗಳ ಊರು ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ.

ನಿಮ್ಮ ದಾರಿಯನ್ನು ನಾನು ಹೀಗೆ ತಿದ್ದುತ್ತೇನೆ. ಬರ್ಲಿನ್‌ನಲ್ಲಿ ಇಳಿದು ಐದು ರಾತ್ರಿ, ಪ್ರಾಗ್‌ನಲ್ಲಿ ಮೂರು, ವಿಯೆನ್ನಾದಲ್ಲಿ ಮೂರು. ಅಲ್ಲಿಂದ ನಾಲ್ಕು ಮಂಚಗಳ ಒಂದೇ ಕೋಣೆ ಕಾದಿರಿಸಿ ರಾತ್ರಿ ರೈಲಿನಲ್ಲಿ ವೆನಿಸ್‌ಗೆ. ವೆನಿಸ್‌ನಲ್ಲಿ ಒಂದು ರಾತ್ರಿ, ಮಿಲಾನ್ ಮೂಲಕ ಟಿರಾನೊ ಸೇರಿ ಅಲ್ಲಿ ಒಂದು ರಾತ್ರಿ, ಬರ್ನಿನಾ ದಾಟಿ ಲೌಟರ್‌ಬ್ರುನ್ನೆನ್‌ನಲ್ಲಿ ಮೂರು ರಾತ್ರಿ, ಹದಿನೆಂಟನೆಯ ದಿನ ಸಂಜೆ ಜ್ಯೂರಿಕ್‌ನಿಂದ ವಿಮಾನ. ಬಂದ ಊರಿಗೇ ಮರಳುವ ಒಂದಿಡೀ ದಿನ ಇದರಿಂದ ಉಳಿಯುತ್ತದೆ. ಪ್ಯಾರಿಸ್ ಮತ್ತು ರೋಮ್ ಬಿಟ್ಟುಹೋದವು ಎಂದು ನಿಮ್ಮಲ್ಲಿ ಒಬ್ಬರಾದರೂ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ಅವರನ್ನು ಒಪ್ಪಿಸಲಾಗದಿದ್ದರೆ ಬರ್ಲಿನ್ ಮತ್ತು ಪ್ರಾಗ್ ಬಿಟ್ಟು ಪ್ಯಾರಿಸ್‌ನಿಂದ ಆರಂಭಿಸಿ. ಆದರೆ ಒಂದನ್ನು ಸೇರಿಸಿದಾಗ ಒಂದನ್ನು ತೆಗೆಯಲೇಬೇಕು. ಪ್ಯಾರಿಸ್‌ಗೆ ಹೋಗುವುದಾದರೆ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆಂಬುದು ನೆನಪಿರಲಿ. ಆಮ್‌ಸ್ಟರ್‌ಡ್ಯಾಮ್ ಉಳಿಸಿಕೊಂಡರೆ ನಾತ್ಸಿಗಳಿಂದ ಅಡಗಿದ್ದು ದಿನಚರಿ ಬರೆದ ಬಾಲಕಿ ಆನ್ ಫ್ರಾಂಕ್ ಮನೆಯ ಟಿಕೆಟ್‌ಗಳನ್ನು ಆನ್‌ಲೈನ್‌ನಲ್ಲಿ ಮಾತ್ರ, ಆರು ವಾರ ಮುಂಚಿತವಾಗಿ ಪ್ರತಿ ಮಂಗಳವಾರ ಬಿಡುಗಡೆ ಮಾಡುತ್ತಾರೆ. ಬಾಗಿಲಿಗೆ ಹೋಗಿ ಕೇಳಿದರೆ ಸಿಗದು.

ಈ ದಾರಿಯಲ್ಲಿ ಹೆಚ್ಚು ದಿನ ಕಳೆಯುವುದು ಜರ್ಮನಿಯಲ್ಲಾದ್ದರಿಂದ ವೀಸಾ ಅರ್ಜಿ ಜರ್ಮನಿಗೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಲು ಅವಕಾಶವಿದೆ, ಅಂದರೆ ನಿಮಗೆ ಡಿಸೆಂಬರ್‌ನಿಂದ. ಬೇಸಿಗೆ ರಜೆಯವರ ನೂಕುನುಗ್ಗಲು ಶುರುವಾಗುವ ಮೊದಲೇ, ಫೆಬ್ರವರಿಯೊಳಗೆ, ನಾಲ್ವರೂ ಒಂದೇ ದಿನಕ್ಕೆ ಬೆಂಗಳೂರಿನಲ್ಲಿ ಸಮಯ ಪಡೆಯಿರಿ, ನಾಲ್ಕೂ ಅರ್ಜಿಗಳಿಗೆ ಅದೇ ಪ್ರಯಾಣಪಟ್ಟಿಯ ಪ್ರತಿಯನ್ನು ಲಗತ್ತಿಸಿ. ಒಬ್ಬರ ಪಟ್ಟಿಯಲ್ಲಿ ಹದಿನೇಳು ರಾತ್ರಿ, ಇನ್ನೊಬ್ಬರದರಲ್ಲಿ ಹದಿನಾರು ಇರದಂತೆ ಸಲ್ಲಿಸುವ ಮುನ್ನ ಒಮ್ಮೆ ಕುಳಿತು ಎಣಿಸಿ.